ಪಶ್ಚಿಮ ಸಹಾರಾ: ಮರಳುಗಾಡಿನ ಜಗಳದಲ್ಲಿ ಪ್ರಶ್ನೆಯನ್ನೇ ಬದಲಿಸಿದ ಅಮೆರಿಕ

2025ರ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ನಿರ್ಣಯ ಅಂಗೀಕಾರವಾಯಿತು. ಅದರ ಸಂಖ್ಯೆ 2797, ಕರಡು ಬರೆದದ್ದು ಅಮೆರಿಕ. ಪರವಾಗಿ 11 ಮತ ಬಿದ್ದರೆ ವಿರುದ್ಧ ಒಂದೂ ಬೀಳಲಿಲ್ಲ. ರಷ್ಯಾ, ಚೀನಾ ಮತ್ತು ಪಾಕಿಸ್ತಾನ ತಟಸ್ಥವಾಗಿ ಉಳಿದವು. ಜಗಳದಲ್ಲಿ ನೇರ ಆಸಕ್ತಿ ಇರುವ ಅಲ್ಜೀರಿಯಾ ಮಂಡಳಿಯ ಸದಸ್ಯನಾಗಿದ್ದೂ ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಸುದ್ದಿ ತಲುಪುತ್ತಿದ್ದಂತೆ ಮೊರಾಕ್ಕೊದ ನಗರಗಳಲ್ಲಿ ಜನ ಬಾವುಟ ಹಿಡಿದು ಬೀದಿಗಿಳಿದು ಸಂಭ್ರಮಿಸಿದರು.

ಭಾರತದ ಮಾಧ್ಯಮಗಳಲ್ಲಿ ಇದು ದೊಡ್ಡ ಸುದ್ದಿಯಾಗಲಿಲ್ಲ. ಗಾಜಾ, ಉಕ್ರೇನ್, ಸುಂಕ ಸಮರದ ಗದ್ದಲದಲ್ಲಿ ಆಫ್ರಿಕಾದ ಮೂಲೆಯ ಮರಳುಗಾಡನ್ನು ಯಾರು ಕೇಳುತ್ತಾರೆ? ಆದರೆ ಒಂದು ಮಹಾಶಕ್ತಿ ತನಗೆ ಬೇಕಾದ ಫಲಿತಾಂಶವನ್ನು ಹೇಗೆ ನಿಧಾನವಾಗಿ, ಕಾಗದದ ಮೇಲೆ ರೂಪಿಸುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಮೆರಿಕ ಇಲ್ಲಿ ಸೈನ್ಯ ಇಳಿಸಿಲ್ಲ, ಯಾವ ಊರನ್ನೂ ವಶಪಡಿಸಿಕೊಂಡಿಲ್ಲ. ಅದು ಮಾಡಿದ್ದು ಪ್ರಶ್ನೆಯನ್ನು ಬದಲಿಸುವ ಕೆಲಸ. "ಇಲ್ಲಿನ ಜನರಿಗೆ ಏನು ಬೇಕು?" ಎಂದಿದ್ದ ಪ್ರಶ್ನೆ ಈಗ "ಮೊರಾಕ್ಕೊ ಎಷ್ಟು ಕೊಡುತ್ತದೆ?" ಎಂದಾಗಿದೆ.

ಎಲ್ಲಿದೆ ಈ ನಾಡು?

ಆಫ್ರಿಕಾದ ವಾಯವ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಗೆ ಪಶ್ಚಿಮ ಸಹಾರಾ ಇದೆ. ಉತ್ತರಕ್ಕೆ ಮೊರಾಕ್ಕೊ, ಪೂರ್ವದ ಮೂಲೆಯಲ್ಲಿ ಅಲ್ಜೀರಿಯಾ, ಉಳಿದ ಕಡೆ ಮಾರಿಟೇನಿಯಾ. ವಿಸ್ತೀರ್ಣ ಸುಮಾರು 2.66 ಲಕ್ಷ ಚದರ ಕಿಲೋಮೀಟರ್, ಅಂದರೆ ಬ್ರಿಟನ್‌ಗಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ ಆರು ಲಕ್ಷದ ಆಸುಪಾಸು. ಬಹುಭಾಗ ಬರೀ ಕಲ್ಲು, ಮರಳು. ಆದರೆ ಕರಾವಳಿಯಲ್ಲಿ ಹೇರಳ ಮೀನು ಸಂಪತ್ತಿದೆ, ಬೂ ಕ್ರಾ ಎಂಬಲ್ಲಿ ಫಾಸ್ಫೇಟ್ ಗಣಿ ಇದೆ. ಗಣಿಯಿಂದ ಲಾಯೂನ್ ಬಂದರಿನವರೆಗೆ ಸುಮಾರು ನೂರು ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ ಮರಳುಗಾಡನ್ನು ಸೀಳಿಕೊಂಡು ಸಾಗುತ್ತದೆ.

1884ರಿಂದ ಇದು ಸ್ಪೇನ್‌ನ ವಸಾಹತು. 1963ರಲ್ಲಿ ವಿಶ್ವಸಂಸ್ಥೆ ಇದನ್ನು 'ಸ್ವಯಮಾಡಳಿತ ಇಲ್ಲದ ಪ್ರದೇಶ'ಗಳ ಪಟ್ಟಿಗೆ ಸೇರಿಸಿತು. ಇಂದಿಗೂ ಅದು ಆ ಪಟ್ಟಿಯಲ್ಲೇ ಇದೆ. ಸ್ಥಳೀಯ ಸಹ್ರಾವಿ ಜನರ ಸ್ವಾತಂತ್ರ್ಯಕ್ಕಾಗಿ 1973ರಲ್ಲಿ ಪೊಲಿಸಾರಿಯೊ ಫ್ರಂಟ್ ಹುಟ್ಟಿಕೊಂಡಿತು. ಸ್ಪೇನ್ ಹೊರಡುವ ಸಿದ್ಧತೆಯಲ್ಲಿದ್ದಾಗ ಮೊರಾಕ್ಕೊ ಮತ್ತು ಮಾರಿಟೇನಿಯಾ ಎರಡೂ ಈ ನಾಡು ನಮ್ಮದು ಎಂದವು. ವಿಷಯ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು.

ನ್ಯಾಯಾಲಯ ಹೇಳಿದ್ದು, ನೆಲದ ಮೇಲೆ ನಡೆದದ್ದು

1975ರ ಅಕ್ಟೋಬರ್ 16ರಂದು ನ್ಯಾಯಾಲಯ ತನ್ನ ಅಭಿಪ್ರಾಯ ನೀಡಿತು. ಮೊರಾಕ್ಕೊ ಸುಲ್ತಾನರಿಗೂ ಇಲ್ಲಿನ ಕೆಲವು ಬುಡಕಟ್ಟುಗಳಿಗೂ ನಿಷ್ಠೆಯ ಸಂಬಂಧ ಇದ್ದದ್ದು ನಿಜ, ಆದರೆ ಅದು ಭೂಮಿಯ ಮೇಲಿನ ಸಾರ್ವಭೌಮತ್ವ ಅಲ್ಲ. ಇಲ್ಲಿನ ಜನರ ಸ್ವನಿರ್ಣಯದ ಹಕ್ಕನ್ನು ಕಸಿಯುವಷ್ಟು ಬಲ ಆ ಸಂಬಂಧಕ್ಕಿಲ್ಲ. ಇದು ಅಭಿಪ್ರಾಯದ ಸಾರಾಂಶ.

ಮೊರಾಕ್ಕೊದ ದೊರೆ ಎರಡನೇ ಹಸನ್ ಈ ಅಭಿಪ್ರಾಯದ ಮೊದಲ ಅರ್ಧವನ್ನು ಮಾತ್ರ ಓದಿಕೊಂಡರು. ಮೂರೇ ವಾರದಲ್ಲಿ, ನವೆಂಬರ್ 6ರಂದು ಸುಮಾರು 3.5 ಲಕ್ಷ ನಾಗರಿಕರ 'ಹಸಿರು ಮೆರವಣಿಗೆ' ಗಡಿ ದಾಟಿತು. ಭದ್ರತಾ ಮಂಡಳಿ ಇದಕ್ಕೆ ವಿಷಾದ ವ್ಯಕ್ತಪಡಿಸಿ, ಹಿಂದೆ ಸರಿಯುವಂತೆ ಹೇಳಿತು. ಆದರೆ ಸ್ಪೇನ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೊ ಸಾವಿನ ಹಾಸಿಗೆಯಲ್ಲಿದ್ದರು. ನವೆಂಬರ್ 14ರಂದು ಮ್ಯಾಡ್ರಿಡ್‌ನಲ್ಲಿ ಒಪ್ಪಂದ ಮಾಡಿಕೊಂಡ ಸ್ಪೇನ್, ಆಡಳಿತವನ್ನು ಮೊರಾಕ್ಕೊ ಮತ್ತು ಮಾರಿಟೇನಿಯಾ ಕೈಗೆ ಬಿಟ್ಟು ಜಾಗ ಖಾಲಿ ಮಾಡಿತು. ಮಾತುಕತೆಯ ಮೇಜಿನಲ್ಲಿ ಸಹ್ರಾವಿಗಳ ಕಡೆಯ ಒಬ್ಬರೂ ಇರಲಿಲ್ಲ.

ಆಗ ಅಮೆರಿಕ ಎಲ್ಲಿತ್ತು? ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್. ಅದಕ್ಕೆ ತುಸು ಮೊದಲು ಅವರು ದೆಹಲಿಯಲ್ಲಿ ರಾಯಭಾರಿಯಾಗಿದ್ದವರು. ಈ ವಿಷಯದಲ್ಲಿ ವಿಶ್ವಸಂಸ್ಥೆ ಏನೂ ಮಾಡಲಾಗದಂತೆ ನೋಡಿಕೊಳ್ಳಲು ತಾವು ದುಡಿದದ್ದನ್ನು ಅವರು ಮುಂದೆ ತಮ್ಮ ನೆನಪುಗಳ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಅದು ಶೀತಲ ಸಮರದ ಕಾಲ. ಮೊರಾಕ್ಕೊ ಪಾಶ್ಚಾತ್ಯರ ಹಳೆಯ ಗೆಳೆಯ, ಪೊಲಿಸಾರಿಯೊಗೆ ಬೆಂಬಲವಾಗಿ ನಿಂತ ಅಲ್ಜೀರಿಯಾ ಸೋವಿಯತ್ ಆಯುಧಗಳ ಗಿರಾಕಿ. ವಾಷಿಂಗ್ಟನ್‌ನ ಲೆಕ್ಕಾಚಾರಕ್ಕೆ ಅಷ್ಟು ಸಾಕಾಗಿತ್ತು.

ವಿಚಿತ್ರವೆಂದರೆ, ಸೋವಿಯತ್ ಒಕ್ಕೂಟ ಪೊಲಿಸಾರಿಯೊ ಘೋಷಿಸಿದ ಸಹ್ರಾವಿ ಗಣರಾಜ್ಯವನ್ನು ಎಂದೂ ಮಾನ್ಯ ಮಾಡಲಿಲ್ಲ. ಬದಲಿಗೆ 1978ರಲ್ಲಿ ಮೊರಾಕ್ಕೊ ಜೊತೆಗೇ ಭಾರಿ ಫಾಸ್ಫೇಟ್ ಒಪ್ಪಂದಕ್ಕೆ ಸಹಿ ಹಾಕಿತು! ಅಮೆರಿಕ ಮಾತ್ರ ಕಮ್ಯುನಿಸ್ಟ್ ಗುಮ್ಮನನ್ನು ತೋರಿಸಿಕೊಂಡೇ ಮೊರಾಕ್ಕೊಗೆ ಆಯುಧ ಕೊಟ್ಟಿತು. ಜಿಮ್ಮಿ ಕಾರ್ಟರ್ ಮೊದಲು ಹಿಂದೇಟು ಹಾಕಿದರೂ 1979ರಲ್ಲಿ ಯುದ್ಧವಿಮಾನ, ಹೆಲಿಕಾಪ್ಟರ್ ಮಾರಾಟಕ್ಕೆ ಒಪ್ಪಿದರು. ರೊನಾಲ್ಡ್ ರೇಗನ್ ಬಂದ ಮೇಲೆ ನೆರವು ಇನ್ನಷ್ಟು ಹೆಚ್ಚಿತು.

ಮರಳಿನ ಗೋಡೆ, ನಡೆಯದ ಜನಮತ

ಯುದ್ಧದಲ್ಲಿ ಸೋತು ಸುಣ್ಣವಾದ ಮಾರಿಟೇನಿಯಾ 1979ರಲ್ಲಿ ಹಿಂದೆ ಸರಿಯಿತು. ಅದು ಬಿಟ್ಟ ಭಾಗಕ್ಕೂ ಮೊರಾಕ್ಕೊ ಸೈನ್ಯ ನುಗ್ಗಿತು. 1980ರಿಂದ 1987ರವರೆಗೆ ಹಂತಹಂತವಾಗಿ ಸುಮಾರು 2,700 ಕಿಲೋಮೀಟರ್ ಉದ್ದದ ಮರಳು-ಕಲ್ಲಿನ ಗೋಡೆ ಎದ್ದಿತು. ಅದರ ಉದ್ದಕ್ಕೂ ನೆಲಬಾಂಬ್‌ಗಳು, ಕಾವಲು ಪಡೆ. ಗೋಡೆಯ ಪಶ್ಚಿಮಕ್ಕಿರುವ ಸುಮಾರು ಶೇ 80ರಷ್ಟು ಭೂಮಿ, ಬಂದರುಗಳು, ಗಣಿ, ಮೀನುಗಾರಿಕೆಯ ಕರಾವಳಿ ಎಲ್ಲವೂ ಮೊರಾಕ್ಕೊ ಕೈಯಲ್ಲಿವೆ. ಪೂರ್ವದ ಬರಡು ಪಟ್ಟಿ ಪೊಲಿಸಾರಿಯೊ ಪಾಲು. ಯುದ್ಧದಿಂದ ಓಡಿಹೋದವರು ಅಲ್ಜೀರಿಯಾದ ಟಿಂಡೂಫ್ ಬಳಿ ಶಿಬಿರಗಳಲ್ಲಿ ನೆಲೆಸಿದರು. ವಿಶ್ವಸಂಸ್ಥೆಯ 2018ರ ಅಂದಾಜಿನ ಪ್ರಕಾರ ಅಲ್ಲಿರುವವರ ಸಂಖ್ಯೆ 1.73 ಲಕ್ಷ. ಶಿಬಿರದಲ್ಲೇ ಹುಟ್ಟಿ, ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತವರು ಅಲ್ಲಿದ್ದಾರೆ. ತಮ್ಮ ನಾಡಿನ ಸಮುದ್ರವನ್ನು ಅವರು ನೋಡಿಯೇ ಇಲ್ಲ.

1991ರಲ್ಲಿ ಶೀತಲ ಸಮರ ಮುಗಿಯಿತು, ಬಾಗಿಲು ತೆರೆದಂತೆ ಕಂಡಿತು. ಭದ್ರತಾ ಮಂಡಳಿ 'ಮಿನುರ್ಸೊ' ಎಂಬ ಶಾಂತಿಪಾಲನಾ ಪಡೆಯನ್ನು ರಚಿಸಿತು. ಸೆಪ್ಟೆಂಬರ್ 6ರಂದು ಕದನವಿರಾಮ ಜಾರಿಗೆ ಬಂತು. 1992ರ ಜನವರಿಯಲ್ಲಿ ಜನಮತ ಗಣನೆ ನಡೆಯಬೇಕಿತ್ತು. ಸ್ವಾತಂತ್ರ್ಯ ಬೇಕೋ, ಮೊರಾಕ್ಕೊ ಜೊತೆ ವಿಲೀನ ಬೇಕೋ ಎಂಬ ನೇರ ಪ್ರಶ್ನೆ ಅದು. ಮಿನುರ್ಸೊ ಎಂಬ ಹೆಸರಿನಲ್ಲೇ 'ಜನಮತ' ಎಂಬ ಪದ ಅಡಗಿದೆ. ಆ ಜನಮತ ಇಂದಿಗೂ ನಡೆದಿಲ್ಲ.

ಯಾಕೆ? ಮತದಾರರು ಯಾರು ಎಂಬಲ್ಲೇ ಗಾಡಿ ಹೂತುಹೋಯಿತು. ಸ್ಪೇನ್ 1974ರಲ್ಲಿ ನಡೆಸಿದ ಗಣತಿಯಲ್ಲಿ ಸುಮಾರು 74 ಸಾವಿರ ಜನರಿದ್ದರು. ಅದೇ ಆಧಾರ ಎಂದಿತು ಪೊಲಿಸಾರಿಯೊ. ಮೊರಾಕ್ಕೊ ತನ್ನ ನೆಲದಲ್ಲಿ ನೆಲೆಸಿರುವ ಸಾವಿರಾರು ಬುಡಕಟ್ಟು ಜನರ ಹೆಸರನ್ನೂ ಸೇರಿಸಲು ಪಟ್ಟು ಹಿಡಿಯಿತು. ವರ್ಷಗಟ್ಟಲೆ ಪರಿಶೀಲಿಸಿ 2000ದ ಆರಂಭಕ್ಕೆ ವಿಶ್ವಸಂಸ್ಥೆ ಸುಮಾರು 86 ಸಾವಿರ ಹೆಸರಿನ ತಾತ್ಕಾಲಿಕ ಪಟ್ಟಿ ಸಿದ್ಧಪಡಿಸಿತು. ಅದರ ವಿರುದ್ಧ ಬಂದ ಮೇಲ್ಮನವಿಗಳು ಲಕ್ಷ ದಾಟಿದವು. ಅಲ್ಲಿಗೆ ಜನಮತದ ಕಥೆ ಮುಗಿಯಿತು.

ಬೇಕರ್ ಪ್ರಯತ್ನ ಮತ್ತು ಒಂದು ಜೂನ್ ತಿಂಗಳು

ಇಲ್ಲಿ ಅಮೆರಿಕದ ಇನ್ನೊಂದು ಮುಖವೂ ಇದೆ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ 1997ರಲ್ಲಿ ವಿಶ್ವಸಂಸ್ಥೆಯ ದೂತರಾದರು. 2003ರ ಅವರ ಎರಡನೇ ಯೋಜನೆ ಜಾಣತನದಿಂದ ಕೂಡಿತ್ತು. ಮೊದಲು ಕೆಲ ವರ್ಷ ಸ್ವಾಯತ್ತ ಆಡಳಿತ, ಆಮೇಲೆ ಮತದಾನ. ಆ ಮತದಾನದಲ್ಲಿ 1999ರ ಕೊನೆಗೆ ಮೊದಲೇ ಬಂದು ನೆಲೆಸಿದ್ದ ಮೊರಾಕ್ಕೊ ವಲಸಿಗರಿಗೂ ಅವಕಾಶ. ತನಗೆ ನಷ್ಟವಾಗಬಹುದಾಗಿದ್ದ ಈ ಯೋಜನೆಯನ್ನು ಪೊಲಿಸಾರಿಯೊ ಒಪ್ಪಿತು. ಭದ್ರತಾ ಮಂಡಳಿ ಅವಿರೋಧವಾಗಿ ಬೆಂಬಲಿಸಿತು. ಮೊರಾಕ್ಕೊ ಮಾತ್ರ ಒಪ್ಪಲಿಲ್ಲ. ಸ್ವಾತಂತ್ರ್ಯ ಎಂಬ ಆಯ್ಕೆ ಮತಪತ್ರದಲ್ಲಿ ಇರುವುದೇ ಬೇಡ ಎಂಬುದು ಅದರ ನಿಲುವು.

ಅಧ್ಯಕ್ಷ ಜಾರ್ಜ್ ಬುಷ್ ಮನಸ್ಸು ಮಾಡಿದ್ದರೆ ಮೊರಾಕ್ಕೊ ಮೇಲೆ ಒತ್ತಡ ಹಾಕಬಹುದಿತ್ತು. ಆದರೆ ಭಯೋತ್ಪಾದನೆ ವಿರುದ್ಧದ ಸಮರದಲ್ಲಿ ಅವರಿಗೆ ಮೊರಾಕ್ಕೊ ಬೇಕಿತ್ತು. 2004ರ ಜೂನ್ ತಿಂಗಳನ್ನು ಗಮನಿಸಿ. ಅದೇ ತಿಂಗಳಲ್ಲಿ ಅಮೆರಿಕ ಮೊರಾಕ್ಕೊಗೆ 'ನ್ಯಾಟೊ ಹೊರಗಿನ ಪ್ರಮುಖ ಮಿತ್ರ' ಪಟ್ಟ ಕೊಟ್ಟಿತು, ಅದರೊಂದಿಗೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ತಿಂಗಳಲ್ಲಿ ಬೇಕರ್ ರಾಜೀನಾಮೆ ಕೊಟ್ಟು ಹೊರನಡೆದರು. ಆದರೂ ಆ ವ್ಯಾಪಾರ ಒಪ್ಪಂದ ಪಶ್ಚಿಮ ಸಹಾರಾಕ್ಕೆ ಅನ್ವಯಿಸುವುದಿಲ್ಲ ಎಂದು ಆಗಿನ ಅಮೆರಿಕ ಸ್ಪಷ್ಟಪಡಿಸಿತ್ತು. ಗೆಳೆತನ ಬೇರೆ, ಕಾನೂನು ಬೇರೆ ಎಂಬ ಗೆರೆಯನ್ನು ಆಗ ಇನ್ನೂ ಅಳಿಸಿರಲಿಲ್ಲ.

2007ರಲ್ಲಿ ಮೊರಾಕ್ಕೊ ತನ್ನದೇ ಸ್ವಾಯತ್ತತೆ ಯೋಜನೆ ಮುಂದಿಟ್ಟಿತು. ಸ್ಥಳೀಯ ಸಂಸತ್ತು, ಸ್ಥಳೀಯ ಸರ್ಕಾರ ಇರುತ್ತದೆ, ಆದರೆ ಬಾವುಟ, ಸೈನ್ಯ, ವಿದೇಶಾಂಗ ಎಲ್ಲವೂ ದೊರೆಯದೇ. ಅಮೆರಿಕದ ಸರ್ಕಾರಗಳು ಒಂದರ ಹಿಂದೆ ಒಂದು ಇದನ್ನು ಗಂಭೀರ, ವಾಸ್ತವಿಕ ಎಂದು ಹೊಗಳಿದವು. 2013ರಲ್ಲಿ ಒಬಾಮಾ ಸರ್ಕಾರ ಮಿನುರ್ಸೊಗೆ ಮಾನವ ಹಕ್ಕುಗಳ ಮೇಲೆ ನಿಗಾ ಇಡುವ ಅಧಿಕಾರ ಕೊಡೋಣ ಎಂದು ಪ್ರಸ್ತಾಪಿಸಿತು. ಮೊರಾಕ್ಕೊ ಸಿಟ್ಟಾಗಿ ಅಮೆರಿಕ ಜೊತೆಗಿನ ಜಂಟಿ ಸೇನಾ ಸಮರಾಭ್ಯಾಸವನ್ನೇ ರದ್ದು ಮಾಡಿತು. ಅಮೆರಿಕ ಪ್ರಸ್ತಾಪ ಕೈಬಿಟ್ಟಿತು. ಚಿಕ್ಕ ಮಿತ್ರನೂ ದೊಡ್ಡಣ್ಣನನ್ನು ಮಣಿಸಬಲ್ಲ ಎಂಬುದು ಅಂದು ಗೊತ್ತಾಯಿತು.

ಟ್ರಂಪ್ ಮಾಡಿದ ವ್ಯಾಪಾರ

2020ರ ನವೆಂಬರ್ 13ರಂದು ದಕ್ಷಿಣದ ಗುರ್ಗರಾತ್ ಗಡಿಯಲ್ಲಿ ಮೊರಾಕ್ಕೊ ಸೇನೆ ಕಾರ್ಯಾಚರಣೆಗೆ ಇಳಿಯಿತು. 29 ವರ್ಷ ಉಳಿದಿದ್ದ ಕದನವಿರಾಮ ಇನ್ನಿಲ್ಲ ಎಂದು ಪೊಲಿಸಾರಿಯೊ ಘೋಷಿಸಿತು. ತಿಂಗಳು ತುಂಬುವ ಮೊದಲೇ, ಡಿಸೆಂಬರ್ 10ರಂದು, ಚುನಾವಣೆಯಲ್ಲಿ ಸೋತು ಹೊರಡಲು ಸಿದ್ಧರಾಗಿದ್ದ ಡೊನಾಲ್ಡ್ ಟ್ರಂಪ್ ಇಡೀ ಪಶ್ಚಿಮ ಸಹಾರಾ ಮೇಲೆ ಮೊರಾಕ್ಕೊದ ಸಾರ್ವಭೌಮತ್ವವನ್ನು ಮಾನ್ಯ ಮಾಡಿದರು. ಪ್ರತಿಯಾಗಿ ಮೊರಾಕ್ಕೊ ಇಸ್ರೇಲ್ ಜೊತೆ ಸಂಬಂಧ ಬೆಳೆಸಲು ಒಪ್ಪಿತು.

ಅಂದರೆ ಸಹ್ರಾವಿಗಳ ಭೂಮಿಯ ಪ್ರಶ್ನೆಗೂ ಇಸ್ರೇಲ್-ಅರಬ್ ಸಂಬಂಧಕ್ಕೂ ಗಂಟು ಬಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಇದೇ ಟ್ರಂಪ್ 2019ರಲ್ಲಿ ಗೋಲನ್ ಬೆಟ್ಟಗಳ ಮೇಲೆ ಇಸ್ರೇಲ್‌ನ ಸಾರ್ವಭೌಮತ್ವವನ್ನೂ ಮಾನ್ಯ ಮಾಡಿದ್ದರು. ಅವರ ನಿರ್ಧಾರವನ್ನು ಬೇಕರ್ ಬಹಿರಂಗವಾಗಿ ಟೀಕಿಸಿದರು. ಟ್ರಂಪ್ ಪಕ್ಷದ ಹಿರಿಯ ಸೆನೆಟರ್ ಜೇಮ್ಸ್ ಇನ್‌ಹಾಫ್ ಕೂಡ ವಿರೋಧಿಸಿದರು.

ನಂತರ ಬಂದ ಜೋ ಬೈಡನ್ ಏನು ಮಾಡಿದರು? ನಿರ್ಧಾರವನ್ನು ಹಿಂಪಡೆಯಲಿಲ್ಲ, ಹೆಚ್ಚು ಮಾತನಾಡಲೂ ಇಲ್ಲ. ದಾಖ್ಲಾದಲ್ಲಿ ಟ್ರಂಪ್ ಭರವಸೆ ಕೊಟ್ಟಿದ್ದ ದೂತಾವಾಸವನ್ನೂ ತೆರೆಯಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿ. ಈ ಮೌನವನ್ನು ಉಳಿದ ದೇಶಗಳು ಸಮ್ಮತಿ ಎಂದೇ ಓದಿದವು. 2022ರಲ್ಲಿ ಹಳೆಯ ಒಡೆಯ ಸ್ಪೇನ್ ಮೊರಾಕ್ಕೊ ಯೋಜನೆಯತ್ತ ವಾಲಿತು. 2023ರಲ್ಲಿ ಇಸ್ರೇಲ್ ಮೊರಾಕ್ಕೊ ಸಾರ್ವಭೌಮತ್ವವನ್ನು ಒಪ್ಪಿತು, 2024ರಲ್ಲಿ ಫ್ರಾನ್ಸ್ ಅದೇ ದಾರಿ ಹಿಡಿಯಿತು, 2025ರ ಜೂನ್‌ನಲ್ಲಿ ಬ್ರಿಟನ್ ಸ್ವಾಯತ್ತತೆ ಯೋಜನೆಗೆ ಬೆಂಬಲ ನೀಡಿತು. ಟ್ರಂಪ್ ಮರಳಿ ಬಂದ ಮೇಲೆ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ 2020ರ ನಿಲುವನ್ನೇ ಮತ್ತೆ ಖಚಿತಪಡಿಸಿದರು.

ಪೆನ್ನು ಹಿಡಿದವರ ಅಧಿಕಾರ

ಭದ್ರತಾ ಮಂಡಳಿಯಲ್ಲಿ ಪ್ರತಿಯೊಂದು ವಿಷಯಕ್ಕೂ ಕರಡು ಬರೆಯುವ ಒಂದು ದೇಶ ಇರುತ್ತದೆ. ಪಶ್ಚಿಮ ಸಹಾರಾ ವಿಷಯದಲ್ಲಿ ಆ ಪೆನ್ನು ಅಮೆರಿಕದ ಕೈಯಲ್ಲಿದೆ. ಹೊರಗೆ ಒಂದು ಕಡೆಯವರ ಹಕ್ಕನ್ನು ಮಾನ್ಯ ಮಾಡಿದ ದೇಶವೇ ಒಳಗೆ ಇಬ್ಬರ ನಡುವಿನ ರಾಜಿ ಸೂತ್ರ ಬರೆಯುತ್ತದೆ. ಆಟಗಾರನೇ ಅಂಪೈರ್ ಆದರೆ ಸ್ಕೋರ್ ಬೋರ್ಡ್ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಿರ್ಣಯ 2797 ಮೊರಾಕ್ಕೊ ಯೋಜನೆಯನ್ನು ಮಾತುಕತೆಯ ಆಧಾರ ಎಂದು ಪರಿಗಣಿಸಿದೆ. ಮೊರಾಕ್ಕೊ ಸಾರ್ವಭೌಮತ್ವದ ಅಡಿಯಲ್ಲಿ ನಿಜವಾದ ಸ್ವಾಯತ್ತತೆಯೇ ಅತ್ಯಂತ ಕಾರ್ಯಸಾಧ್ಯ ಪರಿಹಾರ ಆಗಬಹುದು ಎಂದಿದೆ. ಮಿನುರ್ಸೊ ಅವಧಿಯನ್ನು 2026ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಜೊತೆಗೆ ಸ್ವನಿರ್ಣಯ ಎಂಬ ಪದವನ್ನೂ ಉಳಿಸಿಕೊಂಡಿದೆ. ರಷ್ಯಾ, ಚೀನಾ ವಿಟೊ ಚಲಾಯಿಸದೆ ಸುಮ್ಮನಿದ್ದುದಕ್ಕೆ ಈ ಸಮತೋಲನವೂ ಒಂದು ಕಾರಣ ಎನ್ನಬಹುದು.

ಮೊರಾಕ್ಕೊ ವಾದದಲ್ಲೂ ಹುರುಳಿದೆ

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮೊರಾಕ್ಕೊ ಜನಸಾಮಾನ್ಯರಿಗೆ ಇದು ರಾಜಮನೆತನದ ಹಠ ಮಾತ್ರ ಅಲ್ಲ, ರಾಷ್ಟ್ರೀಯ ಭಾವನೆ. ಲಾಯೂನ್, ದಾಖ್ಲಾಗಳಲ್ಲಿ ರಸ್ತೆ, ಬಂದರು, ಪವನ ವಿದ್ಯುತ್‌ಗೆ ಅದು ಭಾರಿ ಹಣ ಹೂಡಿದೆ. ಅಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಮೊರಾಕ್ಕೊ ಮೂಲದವರನ್ನು ಒಕ್ಕಲೆಬ್ಬಿಸಲು ಸಾಧ್ಯವಿಲ್ಲ. ಅಲ್ಜೀರಿಯಾ ಕೂಡ ಬರೀ ಸಹ್ರಾವಿಗಳ ಮೇಲಿನ ಪ್ರೀತಿಯಿಂದ ಇದರಲ್ಲಿ ನಿಂತಿಲ್ಲ. 1963ರಲ್ಲೇ ಗಡಿಗಾಗಿ ಮೊರಾಕ್ಕೊ ಜೊತೆ ಯುದ್ಧ ಮಾಡಿದ ದೇಶ ಅದು. ಎರಡೂ ದೇಶಗಳ ನಡುವಿನ ಗಡಿ 1994ರಿಂದ ಮುಚ್ಚಿದೆ, ರಾಜತಾಂತ್ರಿಕ ಸಂಬಂಧ 2021ರಲ್ಲಿ ಕಡಿದಿದೆ. ಐವತ್ತು ವರ್ಷ ಜಗ್ಗಾಡಿದರೂ ಬಗೆಹರಿಯದ ಜಗಳಕ್ಕೆ ನಡುದಾರಿ ಹುಡುಕುವುದು ತಪ್ಪಲ್ಲ. ಸ್ವಾಯತ್ತತೆ ಆ ನಡುದಾರಿ ಆಗಲೂಬಹುದು.

ಆದರೆ ಒಂದು ತೊಡಕು ಉಳಿದೇ ಇದೆ. ಮೊರಾಕ್ಕೊದ 2007ರ ಯೋಜನೆಯಲ್ಲೇ, ಸ್ವಾಯತ್ತತೆಯ ಕರಡನ್ನು ಸಂಬಂಧಪಟ್ಟ ಜನರ ಮುಂದೆ ಜನಮತಕ್ಕೆ ಇಡಲಾಗುವುದು ಎಂಬ ಮಾತಿದೆ. ಹಾಗಾದರೆ ಆ 'ಜನ' ಯಾರು? ಲಾಯೂನ್‌ನಲ್ಲಿ ಇಂದು ವಾಸಿಸುವವರೋ, ಟಿಂಡೂಫ್ ಶಿಬಿರದಲ್ಲಿರುವವರೂ ಸೇರಿಯೋ? 1990ರ ದಶಕದಲ್ಲಿ ಗಾಡಿ ಹೂತುಹೋದ ಅದೇ ಕೆಸರಿಗೆ ದಾರಿ ಮತ್ತೆ ಬಂದು ನಿಲ್ಲುತ್ತದೆ.

ಯುರೋಪ್ ಒಕ್ಕೂಟದ ನ್ಯಾಯಾಲಯ ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದಿದೆ. 2024ರ ಅಕ್ಟೋಬರ್ 4ರಂದು ಅದು ಪಶ್ಚಿಮ ಸಹಾರಾವನ್ನು ಒಳಗೊಂಡ ಯುರೋಪ್-ಮೊರಾಕ್ಕೊ ಮೀನುಗಾರಿಕೆ ಮತ್ತು ಕೃಷಿ ವ್ಯಾಪಾರದ ಒಪ್ಪಂದಗಳು ಸಿಂಧುವಲ್ಲ ಎಂದಿತು. ಅಲ್ಲಿ ಈಗ ವಾಸಿಸುವ ಜನಸಂಖ್ಯೆ ಬೇರೆ, ಸ್ವನಿರ್ಣಯದ ಹಕ್ಕುಳ್ಳ ಪಶ್ಚಿಮ ಸಹಾರಾದ ಜನತೆ ಬೇರೆ, ಒಪ್ಪಿಗೆ ಬೇಕಿರುವುದು ಎರಡನೆಯವರದು ಎಂಬುದು ತೀರ್ಪಿನ ತಿರುಳು. ಅಂದರೆ ಯುರೋಪಿನ ಸರ್ಕಾರಗಳು ಅಮೆರಿಕದ ಹಿಂದೆ ಹೋದರೂ ಕಾನೂನು ಅಷ್ಟು ಸುಲಭವಾಗಿ ಹಿಂಬಾಲಿಸಿಲ್ಲ.

ಭಾರತಕ್ಕೆ ಇದರಲ್ಲೇನು?

ಭಾರತಕ್ಕೂ ಈ ಜಗಳಕ್ಕೂ ನಂಟಿಲ್ಲ ಎಂದುಕೊಂಡರೆ ತಪ್ಪು. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ನೀಡಿತ್ತು. ದೆಹಲಿಯಲ್ಲಿ ಅದರ ರಾಯಭಾರ ಕಚೇರಿಯೂ ಇತ್ತು. 2000ದ ಜೂನ್‌ನಲ್ಲಿ ವಾಜಪೇಯಿ ಸರ್ಕಾರ ಆ ಮಾನ್ಯತೆ ಹಿಂಪಡೆಯಿತು.

ಈಗಿನ ಲೆಕ್ಕಾಚಾರ ಅರ್ಥವಾಗದ್ದೇನಲ್ಲ. ವಿಶ್ವದ ಫಾಸ್ಫೇಟ್ ನಿಕ್ಷೇಪದಲ್ಲಿ ಸುಮಾರು ಶೇ 70ರಷ್ಟು ಮೊರಾಕ್ಕೊ ಬಳಿ ಇದೆ ಎಂಬ ಅಂದಾಜಿದೆ. ಬೂ ಕ್ರಾ ಅದರಲ್ಲಿ ಸಣ್ಣ ಪಾಲು. ನಮ್ಮ ಡಿಎಪಿ ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲ, ಶಿಲಾ ಫಾಸ್ಫೇಟ್‌ಗಾಗಿ ಭಾರತ ಮೊರಾಕ್ಕೊವನ್ನು ನೆಚ್ಚಿಕೊಂಡಿದೆ. ಮುಂಗಾರಿನಲ್ಲಿ ಗೊಬ್ಬರದ ಚೀಲಕ್ಕಾಗಿ ಸೊಸೈಟಿ ಮುಂದೆ ಸಾಲುಗಟ್ಟುವ ಕರ್ನಾಟಕದ ರೈತನಿಗೂ ಉತ್ತರ ಆಫ್ರಿಕಾದ ಗಣಿಗಳಿಗೂ ಹೀಗೊಂದು ಎಳೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಮೊರಾಕ್ಕೊದ ಬೆರ್ರೆಶಿದ್‌ನಲ್ಲಿ ಟಾಟಾ ಕಂಪನಿಯ ಶಸ್ತ್ರಸಜ್ಜಿತ ವಾಹನ ಕಾರ್ಖಾನೆಯನ್ನು ಉದ್ಘಾಟಿಸಿದರು.

ಆದರೆ ಭಾರತ ಗಮನಿಸಬೇಕಾದದ್ದು ಇನ್ನೊಂದಿದೆ. ತನ್ನ ಗಡಿ ವಿವಾದಗಳಲ್ಲಿ ಮೂರನೆಯವರ ಮಧ್ಯಸ್ಥಿಕೆ ಬೇಡ ಎಂಬುದು ನಮ್ಮ ಹಳೆಯ ನಿಲುವು. 2025ರ ಮೇ ತಿಂಗಳ ಸಂಘರ್ಷದ ನಂತರ ಭಾರತ-ಪಾಕ್ ಕದನವಿರಾಮ ತಾನೇ ಮಾಡಿಸಿದ್ದು ಎಂದು ಟ್ರಂಪ್ ಮತ್ತೆ ಮತ್ತೆ ಹೇಳಿಕೊಂಡಾಗ ದೆಹಲಿ ಅದನ್ನು ಅಲ್ಲಗಳೆದದ್ದು ಇದೇ ಕಾರಣಕ್ಕೆ. ಮಹಾಶಕ್ತಿಯ ಮಧ್ಯಸ್ಥಿಕೆಗೆ ಯಾವಾಗಲೂ ಒಂದು ಬೆಲೆ ಇರುತ್ತದೆ, ಆ ಬೆಲೆಯನ್ನು ಕೊಡುವವರು ಮೇಜಿನ ಬಳಿ ಇಲ್ಲದವರೇ ಆಗಿರಬಹುದು. ಪಶ್ಚಿಮ ಸಹಾರಾ ಅದಕ್ಕೆ ಪಾಠ.

ಮುಂದೇನು?

ನೆಲದ ಮೇಲಿನ ಬಲ, ಮಂಡಳಿಯ ಕಾಗದ, ದೊಡ್ಡ ದೇಶಗಳ ಬೆಂಬಲ ಮೂರೂ ಈಗ ಮೊರಾಕ್ಕೊ ಕಡೆಗಿವೆ. ಪೊಲಿಸಾರಿಯೊ ಬಳಿ ಉಳಿದಿರುವುದು ಕಾನೂನಿನ ವಾದ, ಅಲ್ಜೀರಿಯಾದ ಆಸರೆ ಮತ್ತು ಶಿಬಿರಗಳಲ್ಲಿ ಕಾಯುತ್ತಿರುವ ಜನ. ಅವರ ಮೇಲೆ ಸ್ವಾಯತ್ತತೆಯನ್ನು ಹೇರಿದರೆ ಅದು ಸ್ವಾಯತ್ತತೆ ಎನಿಸುವುದಿಲ್ಲ. ಅವರ ಜೊತೆ ಕೂತು ನ್ಯಾಯಾಲಯ, ಪೊಲೀಸ್, ಗಣಿಯ ಆದಾಯ, ನಿರಾಶ್ರಿತರ ವಾಪಸಾತಿ ಎಲ್ಲವನ್ನೂ ಸಾಲುಸಾಲಾಗಿ ಚರ್ಚಿಸಿ, ಕೊನೆಗೆ ಒಮ್ಮೆ ಅವರ ಮತ ಕೇಳಿದರೆ ಬಹುಶಃ ಅದು ನಿಲ್ಲಬಹುದು. ಮೊರಾಕ್ಕೊದ ಹಿತಕ್ಕೂ ಅದೇ ಒಳ್ಳೆಯದು. ಒಪ್ಪಿಗೆ ಇಲ್ಲದೆ ಪಡೆದ ನೆಲವನ್ನು ಕಾಯಲು 2,700 ಕಿಲೋಮೀಟರ್ ಗೋಡೆ ಬೇಕಾಗುತ್ತದೆ, ಅದರ ಖರ್ಚು ಎಂದಿಗೂ ಮುಗಿಯುವುದಿಲ್ಲ.

ಆ ಮಾತುಕತೆಗೆ ಇಬ್ಬರನ್ನೂ ಕೂರಿಸುವ ಶಕ್ತಿ ಇಂದು ಅಮೆರಿಕಕ್ಕೆ ಬಿಟ್ಟರೆ ಬೇರಾರಿಗೂ ಇಲ್ಲ. ಅಮೆರಿಕ ಐವತ್ತು ವರ್ಷಗಳಲ್ಲಿ ಇಲ್ಲಿ ಬಹಳಷ್ಟನ್ನು ಬದಲಿಸಿದೆ. ಪ್ರಶ್ನೆಯನ್ನು ಬದಲಿಸಿದೆ, ಪದಗಳನ್ನು ಬದಲಿಸಿದೆ, ಮಿತ್ರರ ನಿಲುವನ್ನು ಬದಲಿಸಿದೆ. ಆದರೆ ಸಹ್ರಾವಿಗಳನ್ನು ಕೇಳದೆಯೇ ಅವರ ಪರವಾಗಿ ಉತ್ತರ ಬರೆಯುವ ಶಕ್ತಿ ಯಾವ ಪೆನ್ನಿಗೂ ಇಲ್ಲ. 1975ರಲ್ಲಿ ಮ್ಯಾಡ್ರಿಡ್‌ನಲ್ಲಿ ಆದ ತಪ್ಪು ಅದೇ. ಈಗಲೂ ಅದನ್ನೇ ಮಾಡಿದರೆ ಇನ್ನೊಂದು ತಲೆಮಾರು ಟಿಂಡೂಫ್‌ನ ಬಿಸಿಲಲ್ಲೇ ದೊಡ್ಡದಾಗುತ್ತದೆ.